ಡ್ರಮ್ಮು, ಸೌದೆ ಒಲೆ ಮತ್ತು 52 ಡಿಗ್ರಿ: ಕೊಯ್ದ ಮಾವನ್ನು ವಿಷವಿಲ್ಲದೆ ಕಾಪಾಡೋದು ಹೇಗೆ?

ಕಳೆದ ವರ್ಷ ಮೇ ತಿಂಗಳಲ್ಲಿ ಲ್ಯಾಬ್ ಪರೀಕ್ಷೆಗಳು ಮುಗಿದ ಮೇಲೆ ನಾವು ನಾಲ್ಕು ಜನ ಶ್ರೀನಿವಾಸಪುರದ ಹತ್ತಿರ ಒಂದು ಮಾವಿನ ತೋಟಕ್ಕೆ ಹೋಗಿದ್ವಿ. ನಮ್ಮಲ್ಲೊಬ್ಬಳ ಮನೆಯ ತೋಟ ಅದು. ಹೋಗಿದ್ದು ಹಣ್ಣು ತಿನ್ನೋಕೆ, ಸುಳ್ಳು ಯಾಕೆ ಹೇಳೋದು. ಆದರೆ ಶೆಡ್ಡಿನ ಮೂಲೆಯಲ್ಲಿ ಕಂಡದ್ದು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಒಂದು ನೀಲಿ ಡ್ರಮ್ಮು, ಅದರ ತುಂಬ ಹಾಲಿನಂತೆ ಬೆಳ್ಳಗಾದ ನೀರು. ನಮ್ಮ ಗೆಳತಿಯ ಅಮ್ಮ ಮೊಣಕೈವರೆಗೂ ಕೈ ಇಳಿಸಿ ಬಾದಾಮಿ ಕಾಯಿಗಳನ್ನು ಅದ್ದಿ ಅದ್ದಿ ತೆಗೀತಿದ್ರು. ಕೈಗೆ ಗ್ಲೌಸ್ ಇಲ್ಲ, ಏನೂ ಇಲ್ಲ. ನೀರಿಗೆ ಕಲಸಿದ್ದು ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ. "ಎಷ್ಟು ಹಾಕ್ತೀರಮ್ಮಾ?" ಅಂತ ಕೇಳಿದ್ವಿ. "ಒಂದು ಹಿಡಿ. ಹೋದ ವರ್ಷ ಕಮ್ಮಿ ಹಾಕಿದ್ದಕ್ಕೇ ಅಷ್ಟೆಲ್ಲ ಆಗಿದ್ದು, ಈ ಸಲ ಸ್ವಲ್ಪ ಜಾಸ್ತಿ" ಅಂದ್ರು.

'ಅಷ್ಟೆಲ್ಲ' ಅಂದ್ರೆ ಏನು ಅಂತ ರಾತ್ರಿ ಊಟದ ಹೊತ್ತಿಗೆ ಗೊತ್ತಾಯ್ತು. ಹಿಂದಿನ ವರ್ಷ ಬೆಂಗಳೂರಿಗೆ ಕಳಿಸಿದ್ದ ಲೋಡಿನಲ್ಲಿ ಅರ್ಧದಷ್ಟು ಹಣ್ಣಿನ ಮೇಲೆ ಐದನೇ ದಿನಕ್ಕೆ ಕಪ್ಪು ಚುಕ್ಕೆಗಳು ಎದ್ದವಂತೆ. ವ್ಯಾಪಾರಿ ಅಷ್ಟಕ್ಕೂ ದುಡ್ಡು ಮುರಿದುಕೊಂಡ. ಕೊಯ್ದು ತುಂಬಿದಾಗ ಒಂದು ಕಾಯಿಯ ಮೇಲೂ ಕಲೆ ಇರಲಿಲ್ಲ ಅಂತ ಅವರಪ್ಪ ಆಣೆ ಮಾಡಿ ಹೇಳಿದ್ರು. ಅವರು ಹೇಳಿದ್ದು ನಿಜವೇ ಅನ್ನೋದು ನಮಗೆ ಗೊತ್ತಾಗಿದ್ದು ಕಾಲೇಜಿಗೆ ವಾಪಸ್ ಬಂದು ಲೈಬ್ರರಿಯಲ್ಲಿ ಕೂತ ಮೇಲೆ. ಈ ಲೇಖನ ಅಲ್ಲಿಂದ ಶುರುವಾಯ್ತು. ಓದಿದ್ದನ್ನು, ಲೆಕ್ಕ ಹಾಕಿದ್ದನ್ನು, ಹಾಳು ಮಾಡಿಕೊಂಡದ್ದನ್ನು ಎಲ್ಲ ಸೇರಿಸಿ ಬರೀತಿದ್ದೇವೆ.

ಕಲೆ ಇಲ್ಲದ ಕಾಯಿಯೊಳಗೆ ಕೂತಿರೋ ಕಳ್ಳ

ಆ ಕಪ್ಪು ಚುಕ್ಕೆಗೆ ಕನ್ನಡದಲ್ಲಿ ಚಿಬ್ಬು ರೋಗ ಅಂತಾರೆ, ಪುಸ್ತಕದ ಹೆಸರು ಆಂಥ್ರಾಕ್ನೋಸ್. ಕಾರಣ ಕೊಲೆಟೋಟ್ರೈಕಮ್ ಅನ್ನೋ ಶಿಲೀಂಧ್ರ. ಇದು ಗೋಡೌನಿನಲ್ಲಿ ಹತ್ತೋ ರೋಗ ಅಲ್ಲ. ಮರದಲ್ಲಿ ಕಾಯಿ ಇನ್ನೂ ಎಳೆಯದಾಗಿದ್ದಾಗಲೇ, ಮಳೆಹನಿಯ ಜತೆ ಚಿಮ್ಮಿದ ಬೀಜಕಣಗಳು ಸಿಪ್ಪೆಯ ಮೇಲೆ ಕೂತು ಮೊಳೆಯುತ್ತವೆ. ಮೊಳಕೆಯ ತುದಿ ಉಬ್ಬಿ ಅಪ್ರೆಸೋರಿಯಮ್ ಅನ್ನೋ ಕಪ್ಪು ಗುಂಡಿಯಂಥ ಅಂಗವಾಗಿ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಒಂದು ಸಣ್ಣ ಮೊಳೆ ಸಿಪ್ಪೆಯ ಮೇಣದ ಪದರಕ್ಕೆ ಇಳಿಯುತ್ತದೆ. ಆಮೇಲೆ? ಆಮೇಲೆ ಏನೂ ಇಲ್ಲ, ಸುಮ್ಮನೆ ಕೂತಿರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಹೊರಗಿನಿಂದ ನೋಡಿದರೆ ಕಾಯಿ ನಿಷ್ಕಳಂಕ.

ಯಾಕೆ ಸುಮ್ಮನಿರುತ್ತದೆ ಅನ್ನೋ ಪ್ರಶ್ನೆಗೆ ಇಸ್ರೇಲಿನ ಡೋವ್ ಪ್ರುಸ್ಕಿ ಮತ್ತು ಅವರ ಸಂಗಡಿಗರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಬಲಿಯದ ಮಾವಿನ ಸಿಪ್ಪೆಯಲ್ಲಿ ರೆಸಾರ್ಸಿನಾಲ್ ಗುಂಪಿನ ಸಂಯುಕ್ತಗಳಿವೆ. ಅವು ಶಿಲೀಂಧ್ರಕ್ಕೆ ವಿಷ. ಕಾಯಿ ಹಣ್ಣಾಗುವಾಗ ಅವುಗಳ ಪ್ರಮಾಣ ಇಳಿಯುತ್ತದೆ, ಸಕ್ಕರೆ ಏರುತ್ತದೆ, ಗೋಡೆಗಳು ಮೆತ್ತಗಾಗುತ್ತವೆ. ಕಾವಲುಗಾರ ನಿದ್ದೆಗೆ ಜಾರಿದ ತಕ್ಷಣ ಒಳಗಿದ್ದ ಕಳ್ಳ ಏಳುತ್ತಾನೆ. ಎದ್ದವನು ಮಾಡೋ ಮೊದಲ ಕೆಲಸವೂ ಸ್ವಾರಸ್ಯವಾಗಿದೆ: ಅಮೋನಿಯಾ ಬಿಟ್ಟು ಸುತ್ತಲಿನ ಪಿಎಚ್ ಏರಿಸುತ್ತಾನೆ. ಪೆಕ್ಟಿನ್ ಕತ್ತರಿಸೋ ಅವನ ಕಿಣ್ವ ಕ್ಷಾರೀಯ ವಾತಾವರಣದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಿತ್ತಳೆಗೆ ಹಸಿರು ಬೂಷ್ಟು ತರೋ ಪೆನಿಸಿಲಿಯಮ್ ಇದಕ್ಕೆ ಉಲ್ಟಾ. ಅದು ಆಮ್ಲ ಬಿಟ್ಟು ಪಿಎಚ್ ಇಳಿಸಿಕೊಳ್ಳುತ್ತದೆ. ಆ ಕಾರಣಕ್ಕೇ ಕ್ಯಾಲಿಫೋರ್ನಿಯಾದ ಕಿತ್ತಳೆ ಪ್ಯಾಕ್‌ಹೌಸ್‌ಗಳಲ್ಲಿ ದಶಕಗಳಿಂದ ಬಳಕೆಯಲ್ಲಿರೋ ಅಡುಗೆ ಸೋಡಾ, ವಾಷಿಂಗ್ ಸೋಡಾ ದ್ರಾವಣಗಳು ಕಿತ್ತಳೆಗೆ ಚೆನ್ನಾಗಿ ಒಗ್ಗುತ್ತವೆ. ಅದನ್ನೇ ಕಣ್ಣು ಮುಚ್ಚಿಕೊಂಡು ಮಾವಿಗೆ ತಂದರೆ ಅದೇ ಫಲ ಸಿಗುತ್ತೆ ಅಂತ ಹೇಳೋ ಹಾಗಿಲ್ಲ. ಒಂದು ಹಣ್ಣಿನ ಮದ್ದು ಇನ್ನೊಂದು ಹಣ್ಣಿನ ಮದ್ದಲ್ಲ.

ಅಂದರೆ ಆ ಅಪ್ಪ ಹೇಳಿದ್ದು ಸರಿ, ವ್ಯಾಪಾರಿ ಹೇಳಿದ್ದೂ ಸರಿ. ಲಾರಿ ಹತ್ತುವಾಗ ಕಲೆ ಇರಲಿಲ್ಲ; ಆದರೆ ರೋಗ ಇತ್ತು. ದೇಶದ ಕೃಷಿ ಸಂಶೋಧನಾ ಮಂಡಳಿಯ ಅಡಿಯ ಸಿಫೆಟ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಾವಿನಲ್ಲಿ ಕೊಯ್ಲು ಮತ್ತು ಕೊಯ್ಲಿನ ನಂತರದ ನಷ್ಟ ಶೇ. 9ರ ಆಸುಪಾಸು, ಸೀಬೆಯಲ್ಲಿ ಸುಮಾರು ಶೇ. 16. ಸರಾಸರಿ ಅಂದ್ರೆ ಹಾಗೇ ಇರುತ್ತೆ. ಅರ್ಧ ಲೋಡು ಕಳ್ಕೊಂಡ ಮನೆಗೆ ಆ 9 ಏನೂ ಹೇಳೋದಿಲ್ಲ.

ಒಂದು ಹಿಡಿ ಯಾಕೆ ಎರಡು ಹಿಡಿ ಆಗುತ್ತೆ

ಕಾರ್ಬೆಂಡಜಿಮ್ ಕೆಲಸ ಮಾಡೋ ರೀತಿ ಬಹಳ ನಿಖರ. ಶಿಲೀಂಧ್ರದ ಕೋಶ ವಿಭಜನೆ ಆಗುವಾಗ ಟ್ಯುಬುಲಿನ್ ಅನ್ನೋ ಪ್ರೋಟೀನಿನಿಂದ ದಾರಗಳು ಹೆಣೆಯಲ್ಪಡಬೇಕು. ಈ ರಾಸಾಯನಿಕ ಬೀಟಾ ಟ್ಯುಬುಲಿನ್‌ಗೆ ಅಂಟಿಕೊಂಡು ಹೆಣಿಗೆಯನ್ನೇ ನಿಲ್ಲಿಸುತ್ತದೆ. ಆದರೆ ನಿಖರತೆಯೇ ಅದರ ದೌರ್ಬಲ್ಯ. ಒಂದೇ ಬೀಗ, ಒಂದೇ ಕೀಲಿ. ಆ ಪ್ರೋಟೀನಿನ 198ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಕೀಲಿ ಕೂರೋದಿಲ್ಲ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಅಂಥ ಒಂದು ಎಲ್ಲೋ ಇದ್ದೇ ಇರುತ್ತದೆ. ಮಿಕ್ಕವನ್ನೆಲ್ಲ ನಾವೇ ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತೇವೆ. ಮರುವರ್ಷ ಔಷಧ 'ಕಮ್ಮಿ' ಅನ್ನಿಸುತ್ತದೆ. ಡ್ರಮ್ಮಿಗೆ ಇನ್ನೊಂದು ಹಿಡಿ ಬೀಳುತ್ತದೆ. ಬದಲಾದ ಟ್ಯುಬುಲಿನ್‌ಗೆ ಆ ಎರಡನೇ ಹಿಡಿಯೂ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರೋದು ಅಮ್ಮನ ಕೈಗೆ.

ಐರೋಪ್ಯ ಒಕ್ಕೂಟದ ವರ್ಗೀಕರಣದಲ್ಲಿ ಕಾರ್ಬೆಂಡಜಿಮ್ ಆನುವಂಶಿಕ ದೋಷ ತರಬಲ್ಲ, ಸಂತಾನಶಕ್ತಿಗೆ ಮತ್ತು ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಅಲ್ಲಿ ಅದರ ಅನುಮೋದನೆ 2014ರಲ್ಲಿ ಮುಗಿಯಿತು. 2012ರ ಜನವರಿಯಲ್ಲಿ ಬ್ರೆಜಿಲ್‌ನಿಂದ ಬಂದ ಕಿತ್ತಳೆ ರಸದಲ್ಲಿ ಇದರ ಶೇಷ ಸಿಕ್ಕಿತು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಆಮದು ರಸವನ್ನೆಲ್ಲ ತಪಾಸಣೆಗೆ ನಿಲ್ಲಿಸಿತ್ತು. ತಿನ್ನೋರಿಗೆ ಸಿಗೋ ಪ್ರಮಾಣ ಸಣ್ಣದು, ಅದರ ಬಗ್ಗೆ ವಾದ ನಡೆಯುತ್ತಲೇ ಇರುತ್ತದೆ. ನಮಗೆ ಹೆಚ್ಚು ಕಾಡಿದ್ದು ಅದ್ದೋರ ಕೈ.

ಅಂದಹಾಗೆ ಇದನ್ನು ಕ್ಯಾಲ್ಸಿಯಂ ಕಾರ್ಬೈಡ್ ಜತೆ ಕಲಸಿಕೊಳ್ಳಬೇಡಿ. ಕಾರ್ಬೈಡ್ ಕಾಯಿ ಹಣ್ಣು ಮಾಡೋಕೆ ಬಳಸೋ ಅಡ್ಡದಾರಿ, ನಮ್ಮ ದೇಶದಲ್ಲಿ ನಿಷಿದ್ಧ. ಆ ಕೆಲಸಕ್ಕೆ ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಬಹುದು ಅಂತ ನಿಯಮವೇ ಇದೆ. ಅದು ಬೇರೆ ಕಥೆ.

ಬರೀ ಬಿಸಿನೀರು

ಪರ್ಯಾಯ ಹುಡುಕುತ್ತ ಹೋದಾಗ ನಮಗೆ ಮೊದಲು ಸಿಕ್ಕಿದ್ದು ತೀರಾ ಸಪ್ಪೆ ಅನ್ನಿಸೋ ಉಪಾಯ: ಕಾಯಿಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ ಮುಳುಗಿಸಿ ತೆಗೆಯೋದು. ಪುಡಿ ಇಲ್ಲ, ಎಣ್ಣೆ ಇಲ್ಲ, ಪೇಟೆಂಟ್ ಇಲ್ಲ. ಮೆಕ್ಯಾನಿಕಲ್‌ನವರೇ, ಇಲ್ಲಿ ಸ್ವಲ್ಪ ಗಮನ ಕೊಡಿ; ಹೀಟ್ ಟ್ರಾನ್ಸ್‌ಫರ್ ಪೇಪರಿನಲ್ಲಿ ಹೇಗೋ ಪಾಸಾದ ನಮಗೆ ಆ ವಿಷಯ ನಿಜಕ್ಕೂ ಅರ್ಥವಾಗಿದ್ದು ಈ ಕಾಯಿಯಿಂದ.

ಪ್ರಶ್ನೆ ಹೀಗಿತ್ತು. ಚಿಬ್ಬು ರೋಗಕ್ಕೆ 10 ನಿಮಿಷ ಅಂತಾರೆ. ಅದೇ ಮಾವನ್ನು ಯುರೋಪಿಗೆ ಕಳಿಸುವಾಗ ಹಣ್ಣುನೊಣದ ಮರಿಹುಳು ಕೊಲ್ಲೋಕೆ 48 ಡಿಗ್ರಿಯಲ್ಲಿ 60 ನಿಮಿಷ ಅಂತಾರೆ. ಯಾಕೆ ಈ ವ್ಯತ್ಯಾಸ? (2014ರ ಮೇ ತಿಂಗಳಿಂದ ಐರೋಪ್ಯ ಒಕ್ಕೂಟ ನಮ್ಮ ಮಾವು ಬೇಡ ಅಂದಿದ್ದು ಈ ನೊಣದ ಕಾಟಕ್ಕೇ. 2015ರ ಜನವರಿಯಲ್ಲಿ ಆ ನಿಷೇಧ ತೆಗೆಯೋ ತೀರ್ಮಾನವಾಯ್ತು.)

ಕಾಯಿಯನ್ನು 3.5 ಸೆಂಟಿಮೀಟರ್ ತ್ರಿಜ್ಯದ ಗುಂಡು ಅಂದುಕೊಳ್ಳಿ. ಮಾವು ಗುಂಡಗಿಲ್ಲ, ಒಳಗೆ ಓಟೆ ಇದೆ, ಎಲ್ಲ ಗೊತ್ತು, ಅಂದಾಜಿಗೆ ಸಾಕು. ಮಾವಿನ ತಿರುಳಿನ ಉಷ್ಣ ವಿಸರಣಾಂಕ ಹೆಚ್ಚೂಕಮ್ಮಿ ನೀರಿನದೇ, ಸೆಕೆಂಡಿಗೆ 1.4 ಗುಣಿಸು 10ರ ಘಾತ ಮೈನಸ್ 7 ಚದರ ಮೀಟರ್. ಕಾಲವನ್ನು ಇದರಿಂದ ಗುಣಿಸಿ ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಫೊರಿಯೇ ಸಂಖ್ಯೆ ಬರುತ್ತದೆ. 10 ನಿಮಿಷಕ್ಕೆ ಅದು ಸುಮಾರು 0.07. ನೀರನ್ನು ಚೆನ್ನಾಗಿ ಕಲಕುತ್ತಿದ್ದೇವೆ ಅಂದುಕೊಂಡು ಗೋಳದ ಸೂತ್ರಕ್ಕೆ ಹಾಕಿ ನೋಡಿ: ಹೊರಗೆ 52 ಡಿಗ್ರಿ ಇದ್ದರೂ, 28ರಲ್ಲಿ ಶುರುವಾದ ನಡುಭಾಗ 31ನ್ನೂ ಮುಟ್ಟಿರೋದಿಲ್ಲ. ಕಾಯಿಯ ಒಳಗಿಗೆ ಸುದ್ದಿಯೇ ತಲುಪಿಲ್ಲ! ಸಿಪ್ಪೆ ಮಾತ್ರ ಮೊದಲ ನಿಮಿಷದೊಳಗೇ ನೀರಿನಷ್ಟೇ ಬಿಸಿಯಾಗಿದೆ. ಶಿಲೀಂಧ್ರ ಕೂತಿರೋದೂ ಸಿಪ್ಪೆಯಲ್ಲೇ. ಅದೇ 60 ನಿಮಿಷಕ್ಕೆ ಫೊರಿಯೇ ಸಂಖ್ಯೆ 0.41, ಆಗ ನಡುಭಾಗವೂ 48ರ ನೀರಿಗಿಂತ ಒಂದು ಡಿಗ್ರಿಯೊಳಗೆ ಬಂದುಬಿಡುತ್ತದೆ. ಹುಳು ಓಟೆಯ ಹತ್ತಿರ ಅವಿತಿದ್ದರೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಶತ್ರು ಎಷ್ಟು ಆಳದಲ್ಲಿದ್ದಾನೆ ಅನ್ನೋದೇ ಗಡಿಯಾರವನ್ನು ತೀರ್ಮಾನಿಸುತ್ತದೆ.

ಬಿಸಿ ಶಿಲೀಂಧ್ರವನ್ನು ಕೊಲ್ಲೋದು ಮಾತ್ರ ಅಲ್ಲ. ಸಿಪ್ಪೆಯ ಮೇಲಿನ ಮೇಣ ಮೆತ್ತಗಾಗಿ ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ಏಟು ಬಿತ್ತು ಅಂತ ಕಾಯಿ ತನ್ನದೇ ರಕ್ಷಣಾ ಪ್ರೋಟೀನುಗಳನ್ನೂ ತಯಾರಿಸಿಕೊಳ್ಳುತ್ತದೆ. ಇಸ್ರೇಲಿನಲ್ಲಿ ಇದನ್ನೇ ಬೇರೆ ರೂಪಕ್ಕೆ ತಂದಿದ್ದಾರೆ: ಹಣ್ಣು ಬ್ರಷ್ಷುಗಳ ಮೇಲೆ ಉರುಳುತ್ತ ಹೋಗುವಾಗ ಮೇಲಿಂದ 50ರಿಂದ 60 ಡಿಗ್ರಿಯ ನೀರು, ಬರೀ 15-20 ಸೆಕೆಂಡ್.

ಕೇಳೋಕೆ ಸುಲಭ. ಈಗ ನಮ್ಮ ಪ್ರಯೋಗದ ಕಥೆ ಕೇಳಿ.

20 ಲೀಟರಿನ ಬಕೆಟ್ಟು, ಅದರೊಳಗೆ 1.5 ಕಿಲೋವ್ಯಾಟಿನ ಇಮ್ಮರ್ಶನ್ ರಾಡು. ನೀರು 52 ಮುಟ್ಟಿದ ಕೂಡಲೇ ರಾಡು ಆಫ್ ಮಾಡಿ, ಪ್ಲಗ್ ಕಿತ್ತು (ದಯವಿಟ್ಟು ಕೀಳಿ, ಇದು ತಮಾಷೆಯಲ್ಲ), ಹತ್ತಿರ ಹತ್ತಿರ 10 ಕಿಲೋ ಕಾಯಿ ಎರಡು ಬಕೆಟ್ಟಿಗೆ ಹಂಚಿ ಸುರಿದ್ವಿ. ಹತ್ತು ನಿಮಿಷ ಆದ ಮೇಲೆ ಥರ್ಮಾಮೀಟರ್ ಇಳಿಸಿದರೆ ಪಾದರಸ 52ರ ಆಸುಪಾಸಿನಲ್ಲೂ ಇಲ್ಲ. ಸರಿ, ಮುಂದಿನ ಸಲ ಅರ್ಧ ಬುದ್ಧಿ ಉಪಯೋಗಿಸಿ 58ಕ್ಕೆ ಕಾಯಿಸಿ ಹಾಕಿದ್ವಿ. ಮೊದಲ ಗುಂಪಿನ ಕಾಯಿಗಳು ಎಂದಿನ ಹಾಗೆ ಚುಕ್ಕೆ ಬಿದ್ದವು. ಎರಡನೇ ಗುಂಪಿನಲ್ಲಿ ಚುಕ್ಕೆ ಕಮ್ಮಿ, ಆದರೆ ಸಿಪ್ಪೆ ಅಲ್ಲಲ್ಲಿ ಬೆಂದು ಕಂದು ಪಟ್ಟೆ. ಬೇಯಿಸಿದ ಮಾವನ್ನು ಕೊಳ್ಳೋರು ಯಾರು? ಹಾಸ್ಟೆಲಿನಲ್ಲಿ ಒಂದು ವಾರ ಗೊಜ್ಜು ಮಾಡಿ ತಿಂದ್ವಿ.

ತಪ್ಪು ಎಲ್ಲಿ ಅಂತ ಲೆಕ್ಕಕ್ಕೆ ಕೂತಾಗ ನಾಚಿಕೆಯಾಯ್ತು. ಇದು ಪಿಯುಸಿಯ ಕ್ಯಾಲೊರಿಮೆಟ್ರಿ. ಮಾವಿನ ವಿಶಿಷ್ಟ ಉಷ್ಣ ಕಿಲೋಗೆ ಸುಮಾರು 3.7 ಕಿಲೋಜೂಲ್. 10 ಕಿಲೋ ಕಾಯಿ 28ರಿಂದ 52ಕ್ಕೆ ಪೂರ್ತಿ ಬಿಸಿಯಾಗೋಕೆ 888 ಕಿಲೋಜೂಲ್ ಬೇಕು. 10 ನಿಮಿಷದಲ್ಲಿ ನಡುಭಾಗ ತಣ್ಣಗೇ ಇದ್ದರೂ, ಗೋಳದ ಹೆಚ್ಚಿನ ದ್ರವ್ಯ ಇರೋದು ಹೊರಪದರದಲ್ಲಿ ತಾನೇ, ಹಾಗಾಗಿ ಅದರ ಮೂರನೇ ಎರಡು ಭಾಗವನ್ನು ಕಾಯಿ ಆಗಲೇ ಹೀರಿಕೊಂಡಿರುತ್ತದೆ: 600 ಕಿಲೋಜೂಲ್. ಕಾಯಿಯ ಎರಡರಷ್ಟು ತೂಕದ ನೀರು ಮಾತ್ರ ಇದ್ದರೆ ಐದೂವರೆ ಡಿಗ್ರಿ ಕುಸಿಯಲೇಬೇಕು. ನಮ್ಮ ಬಕೆಟ್ಟುಗಳಲ್ಲಿ ಕಾಯಿ ಸುರಿದಾಗ ಚೆಲ್ಲಿಹೋದ ನೀರು, ಗಾಳಿಗೆ ಆರಿದ ಬಿಸಿ ಬೇರೆ. ಹೀಟರ್ ಹಾಕಿಟ್ಟು ಸರಿದೂಗಿಸೋಣ ಅಂದರೆ? ಮೊದಲ ಒಂದು ನಿಮಿಷದಲ್ಲೇ ಕಾಯಿಗಳು ಕಾಲು ಭಾಗ ಬಿಸಿಯನ್ನು ಎಳೆದುಕೊಳ್ಳುತ್ತವೆ. ಅಂದರೆ ಆ ನಿಮಿಷಕ್ಕೆ ಸುಮಾರು 4 ಕಿಲೋವ್ಯಾಟ್ ಬೇಕು, ಕೊನೆಯ ನಿಮಿಷಗಳಿಗೆ ಅರ್ಧ ಕಿಲೋವ್ಯಾಟೂ ಬೇಡ. ಇಂಥದ್ದನ್ನು ನಿಭಾಯಿಸೋಕೆ ಪಿಐಡಿ ಕಂಟ್ರೋಲರ್, ರಿಲೇ, ಸೆನ್ಸರ್ ಅಂತ ನಮ್ಮಲ್ಲಿದ್ದ ಎಲೆಕ್ಟ್ರಾನಿಕ್ಸ್ ಹುಡುಗ ಆಗಲೇ ಪಟ್ಟಿ ಬರೆಯೋಕೆ ಶುರು ಮಾಡಿದ್ದ.

ಆ ಪಟ್ಟಿಯನ್ನು ಹರಿದುಹಾಕಿದ್ದು ನಮ್ಮ ಗೆಳತಿ. "ನಮ್ಮನೇಲಿ ಕರೆಂಟೇ ರಾತ್ರಿ ಹತ್ತಕ್ಕೆ ಬರೋದು. ದೊಡ್ಡ ಡ್ರಮ್ಮು ಇದೆ, ಅದ್ರಲ್ಲಿ ಮಾಡಿ ತೋರ್ಸಿ" ಅಂದಳು.

ಹೊಸ ಲೆಕ್ಕ. 200 ಲೀಟರಿನ ತೊಳೆದ ಕಬ್ಬಿಣದ ಡ್ರಮ್ಮು, 170 ಲೀಟರ್ ನೀರು, ಸಲಕ್ಕೆ 20 ಕಿಲೋ ಕಾಯಿ ಮಾತ್ರ. ನೀರು ಕಾಯಿಗಿಂತ ಎಂಟೂವರೆ ಪಟ್ಟು. ಈಗ ಕುಸಿಯೋದು ಒಂದೂವರೆ ಡಿಗ್ರಿ ಅಷ್ಟೆ. 53ಕ್ಕೆ ಶುರು ಮಾಡಿದರೆ 51ರ ಮೇಲೇ ಮುಗಿಯುತ್ತದೆ. ಕಂಟ್ರೋಲರ್ ಬೇಡ, ನೀರೇ ಕಂಟ್ರೋಲರ್. ಇಷ್ಟು ನೀರನ್ನು 27ರಿಂದ 53ಕ್ಕೆ ತರೋಕೆ ಸುಮಾರು 18.5 ಮೆಗಾಜೂಲ್. ಮೂರು ಕಲ್ಲಿನ ಒಲೆಯ ದಕ್ಷತೆ ಶೇ. 12 ಅಂತ ಹಿಡಿದರೂ 10 ಕಿಲೋ ಸೌದೆ. ಮಾವಿನ ತೋಟದಲ್ಲಿ ಸವರಿದ ಕೊಂಬೆಗೆ ಬರವೇ? ಆಮೇಲೆ ಪ್ರತಿ ಸಲಕ್ಕೂ ಒಂದೂವರೆ ಡಿಗ್ರಿಯಷ್ಟು ಮಾತ್ರ ಏರಿಸಿದರಾಯ್ತು. ಕಾಯಿಯನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಇಳಿಬಿಡಬೇಕು, ತಳ ಮುಟ್ಟಬಾರದು, ಒಲೆಯ ಮೇಲಿನ ತಳ ಸುಡುತ್ತಿರುತ್ತದೆ. ಬುಟ್ಟಿ ಇಳಿಸೋ ಮುಂಚೆ ಉರಿ ಹಿರಿದು, ನೀರನ್ನು ಕೋಲಿನಿಂದ ತಿರುವಿ, ಮೇಲೆ ಮತ್ತು ಕೆಳಗೆ ಎರಡೂ ಕಡೆ ಥರ್ಮಾಮೀಟರ್ ನೋಡಬೇಕು. ತಿರುವದೇ ನೋಡಿದರೆ ಬಿಸಿನೀರು ಮೇಲೇ ನಿಂತು ಮೋಸ ಮಾಡುತ್ತದೆ.

ಜೂನ್ ಮೊದಲ ವಾರದಲ್ಲಿ ಕೊನೆಯ ಕೊಯ್ಲಿನ ಕಾಯಿಗಳಿಗೆ ಹೀಗೆ ಮಾಡಿ, ಅದ್ದದೇ ಇಟ್ಟ ಒಂದು ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ವಿ. ಎಂಟನೇ ದಿನಕ್ಕೆ ಎರಡು ಬುಟ್ಟಿಯ ವ್ಯತ್ಯಾಸ ಕಾಣೋಕೆ ಯಾರಿಗೂ ಕನ್ನಡಕ ಬೇಕಾಗಲಿಲ್ಲ. ಒಂದು ಬುಟ್ಟಿ, ಒಂದು ತೋಟ, ಒಂದು ವಾರ. ಇದನ್ನು ಸಂಶೋಧನೆ ಅಂತ ಕರೆಯೋ ಧೈರ್ಯ ನಮಗಿಲ್ಲ. ಆದರೆ ಚುಕ್ಕೆಯಿಲ್ಲದ ಬುಟ್ಟಿಯಲ್ಲೂ ಕೆಲವು ಹಣ್ಣು ತೊಟ್ಟಿನ ಸುತ್ತ ಕಂದಾಗಿ ಕೊಳೆತಿದ್ದವು. ಅದು ಚಿಬ್ಬು ಅಲ್ಲ, ತೊಟ್ಟು ಕೊಳೆ ರೋಗ. ಅದನ್ನು ತರೋ ಶಿಲೀಂಧ್ರಗಳು ರೆಂಬೆಯೊಳಗೇ, ತೊಟ್ಟಿನೊಳಗೇ ವಾಸ ಮಾಡೋವು. ಸಿಪ್ಪೆಗೆ ಕೊಟ್ಟ ಬಿಸಿ ಅಲ್ಲಿಗೆ ಹೋಗೋದಿಲ್ಲ. ಮತ್ತೆ ಅದೇ ಮಾತು: ಆಳ.

ಇನ್ನೊಂದು ಎಚ್ಚರ. ಬಿಸಿ ಕಾಯಿಯನ್ನು ತಣ್ಣೀರಿಗೆ ಹಾಕಿ ಬೇಗ ಆರಿಸೋಣ ಅನ್ನಿಸುತ್ತದೆ. ಒಳಗಿನ ಗಾಳಿ ಕುಗ್ಗಿದಾಗ ಕಾಯಿ ತೊಟ್ಟಿನ ಕಡೆಯಿಂದ ಹೊರಗಿನ ನೀರನ್ನು ಎಳೆದುಕೊಳ್ಳಬಲ್ಲದು. ಆ ನೀರು ಕೊಳಕಾಗಿದ್ದರೆ? 1999ರ ಕೊನೆಯಲ್ಲಿ ಅಮೆರಿಕದ 13 ರಾಜ್ಯಗಳಲ್ಲಿ 78 ಜನರಿಗೆ ಸಾಲ್ಮೊನೆಲ್ಲ ಸೋಂಕು ತಗುಲಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಹಣ್ಣುನೊಣಕ್ಕಾಗಿ ಬಿಸಿನೀರಿಗೆ ಅದ್ದಿ, ಆಮೇಲೆ ತಣ್ಣೀರಿಗೆ ಅದ್ದಿ ಕಳಿಸಿದ್ದ ಬ್ರೆಜಿಲ್‌ನ ಮಾವು. ಬರೀ ನೀರು ತಾನೇ ಅನ್ನೋ ಹಾಗಿಲ್ಲ. ನಾವು ಗಾಳಿಗೆ ಹರವಿ ಆರಿಸಿದ್ವಿ; ನಿಧಾನ, ಆದರೆ ನಿಶ್ಚಿಂತೆ.

ಸೊನೆ: ಮರವೇ ಕೊಟ್ಟ ಔಷಧ

ಮಾವು ಕಿತ್ತಾಗ ಚಿಮ್ಮೋ ಸೊನೆ ಎಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಕದ್ದು ತಿಂದವರ ತುಟಿಯ ಮೇಲೆ ಅದರ ಸಹಿ ಇರುತ್ತಿತ್ತು. ಸಿಪ್ಪೆಯ ರೆಸಾರ್ಸಿನಾಲ್‌ಗಳು ಈ ಸೊನೆಯಲ್ಲೂ ಇವೆ. ಶಿಲೀಂಧ್ರದ ಕೋಶಗೋಡೆಯ ಕೈಟಿನ್ ಕತ್ತರಿಸೋ ಕೈಟಿನೇಸ್ ಕಿಣ್ವವೂ ಇದೆ ಅಂತ ಶ್ರೀಲಂಕಾದ ಸಂಶೋಧಕರು ತೋರಿಸಿದ್ದಾರೆ. ಸೊನೆ ಒಳಗೇ ಉಳಿದ ಕಾಯಿಗಳಲ್ಲಿ ಚಿಬ್ಬು ಕಮ್ಮಿ ಅನ್ನೋದೂ ಅವರ ಕೆಲಸದಿಂದ ಕಂಡದ್ದು. ನಮ್ಮ ಸಾಗರ, ಶಿರಸಿ ಕಡೆಯವರು ಇದನ್ನು ಓದಿದರೆ ನಗುತ್ತಾರೆ. ಅಪ್ಪೆಮಿಡಿಯನ್ನು ತೊಟ್ಟು ಸಮೇತವೇ ಕೊಯ್ಯಬೇಕು, ಸೊನೆ ಸೋರಿದ, ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಆಗೋದಿಲ್ಲ ಅಂತ ಅಲ್ಲಿನ ಅಜ್ಜಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಹೇಳಿಕೊಂಡು ಬಂದಿದ್ದಾರೆ.

ಆದರೆ ಬಾದಾಮಿ ಮಾವಿನ ವ್ಯಾಪಾರದಲ್ಲಿ ಇದು ಇಕ್ಕಟ್ಟಿನ ವಿಷಯ. ಅದೇ ಸೊನೆ ಸಿಪ್ಪೆಯ ಹೊರಗೆ ಬಿದ್ದರೆ ಅದರಲ್ಲಿರೋ ಟರ್ಪೀನ್‌ಗಳು ಸಿಪ್ಪೆಯನ್ನು ಸುಟ್ಟು ಕಪ್ಪು ಗೆರೆ ಮಾಡುತ್ತವೆ. ಅದಕ್ಕೇ ಪ್ಯಾಕ್‌ಹೌಸ್‌ಗಳಲ್ಲಿ ತೊಟ್ಟು ಮುರಿದು, ಕಾಯಿ ತಲೆಕೆಳಗು ಮಾಡಿ ಸೊನೆ ಇಳಿಸುತ್ತಾರೆ. ಕಲೆ ತಪ್ಪುತ್ತದೆ, ಔಷಧ ಚರಂಡಿಗೆ ಹೋಗುತ್ತದೆ. ಕತ್ತರಿಯಿಂದ ಒಂದು ಸೆಂಟಿಮೀಟರಿನಷ್ಟು ತೊಟ್ಟು ಉಳಿಸಿ ಕೊಯ್ದರೆ ಸೊನೆ ಚಿಮ್ಮೋದಿಲ್ಲ, ಒಳಗೂ ಉಳಿಯುತ್ತದೆ. ಅದಕ್ಕೆ ಕೊಯ್ಯೋ ಕೂಲಿ ಜಾಸ್ತಿ, ತುಂಬುವಾಗ ಒಂದರ ತೊಟ್ಟು ಇನ್ನೊಂದಕ್ಕೆ ಚುಚ್ಚದ ಹಾಗೆ ನೋಡಿಕೊಳ್ಳಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಇಡೀ ವಿಷಯದಲ್ಲಿ ರೈತ ನಾಳೆಯೇ ಮಾಡಬಹುದಾದ ಕೆಲಸ ಇದೇ. ಒಂದು ಕತ್ತರಿ.

ಚಿಪ್ಪು, ಓಮ, ಯೀಸ್ಟು

ಪೇಪರುಗಳಲ್ಲಿ ಅತಿ ಹೆಚ್ಚು ಕಾಣೋ ಹೆಸರು ಕೈಟೋಸಾನ್. ಸಿಗಡಿ, ಏಡಿಯ ಚಿಪ್ಪಿನಲ್ಲಿರೋ ಕೈಟಿನ್‌ನ್ನು ಕ್ಷಾರದಲ್ಲಿ ಬೇಯಿಸಿ ಅಸಿಟೈಲ್ ಗುಂಪುಗಳನ್ನು ತೆಗೆದರೆ ಇದು ಸಿಗುತ್ತದೆ. ತೆಳು ವಿನೆಗರಿನಂಥ ಆಮ್ಲದಲ್ಲಿ ಕರಗುತ್ತದೆ. ಕರಗಿದಾಗ ಅದರ ಅಮೈನೋ ಗುಂಪುಗಳು ಧನಾತ್ಮಕ ಆವೇಶ ಹೊತ್ತು, ಋಣಾತ್ಮಕವಾಗಿರೋ ಶಿಲೀಂಧ್ರದ ಕೋಶಪೊರೆಗೆ ಅಂಟಿ ಅದನ್ನು ಸೋರುವಂತೆ ಮಾಡುತ್ತವೆ. ಒಣಗಿದ ಮೇಲೆ ಹಣ್ಣಿನ ಮೇಲೊಂದು ತೆಳು ಪೊರೆ ಉಳಿದು ಉಸಿರಾಟ ನಿಧಾನವಾಗುತ್ತದೆ, ಹಣ್ಣು ತಡವಾಗಿ ಮಾಗುತ್ತದೆ. ಐರೋಪ್ಯ ಒಕ್ಕೂಟ 2014ರಲ್ಲಿ ಇದರ ಒಂದು ರೂಪಕ್ಕೆ ಸಸ್ಯರಕ್ಷಣೆಯಲ್ಲಿ ಒಪ್ಪಿಗೆ ಕೊಟ್ಟಿದೆ. ಪೊರೆ ದಪ್ಪವಾದರೆ ಹಣ್ಣಿಗೆ ಉಸಿರು ಕಟ್ಟಿ ಒಳಗೆ ಹುಳಿತ ವಾಸನೆ ಬರುತ್ತದೆ, ಅದನ್ನು ಮರೆಯೋ ಹಾಗಿಲ್ಲ. ಮತ್ತೆ ನಮ್ಮ ಗೆಳತಿಯ ಅಜ್ಜಿ ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ: "ಸಿಗಡಿ ಸಿಪ್ಪೆ ಬಳಿದ ಮಾವನ್ನ ದೇವರಿಗೆ ಇಡೋದಾ?" ಅಣಬೆ ಮತ್ತಿತರ ಶಿಲೀಂಧ್ರಗಳ ಕೋಶಗೋಡೆಯಿಂದಲೂ ಕೈಟೋಸಾನ್ ತಯಾರಿಸಬಹುದು ಅಂತ ಆಮೇಲೆ ಓದಿದ್ವಿ. ಶಿಲೀಂಧ್ರದ ಗೋಡೆಯಿಂದಲೇ ಶಿಲೀಂಧ್ರಕ್ಕೆ ಮದ್ದು! ಅಜ್ಜಿಗೆ ಇನ್ನೂ ಹೇಳಿಲ್ಲ.

ಅಡುಗೆಮನೆಯ ಡಬ್ಬಗಳೂ ಸಾಲಾಗಿ ಬರುತ್ತವೆ. ಓಮದ ಥೈಮಾಲ್, ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್. ಪೆಟ್ರಿ ತಟ್ಟೆಯಲ್ಲಿ ಇವೆಲ್ಲ ಶೂರರೇ. ಒಂದು ಹನಿ ಹಾಕಿದರೆ ಸುತ್ತ ಬೂಷ್ಟು ಬೆಳೆಯದ ಸ್ವಚ್ಛ ವೃತ್ತ. ಅದರ ಫೋಟೋ ಹಾಕಿ ಪ್ರಾಜೆಕ್ಟ್ ರಿಪೋರ್ಟ್ ಮುಗಿಸೋ ಆಸೆ ನಮಗೂ ಬಂದಿತ್ತು. ಆದರೆ ತಟ್ಟೆ ಹಣ್ಣಲ್ಲ. ಹಣ್ಣಿನ ಮೇಲೆ ಈ ಎಣ್ಣೆಗಳು ಗಂಟೆಗಳಲ್ಲಿ ಆವಿಯಾಗಿ ಹೋಗುತ್ತವೆ, ನೀರಿನಲ್ಲಿ ಬೆರೆಯೋದಿಲ್ಲ, ಶಿಲೀಂಧ್ರವಿರೋ ಮೇಣದ ಪದರದೊಳಗೆ ಬೇಕಾದಷ್ಟು ಇಳಿಯೋದಿಲ್ಲ. ಪ್ರಮಾಣ ಏರಿಸಿದರೆ ಸಿಪ್ಪೆ ಸುಡುತ್ತದೆ. ಸುಡದಿದ್ದರೂ ಬಾದಾಮಿ ಹಣ್ಣು ಕಷಾಯದ ವಾಸನೆ ಹೊಡೆಯುತ್ತದೆ. ಇವನ್ನು ಕೈಟೋಸಾನ್ ಪೊರೆಯೊಳಗೆ ಸೂಕ್ಷ್ಮ ಹನಿಗಳಾಗಿ ಹಿಡಿದಿಟ್ಟು ನಿಧಾನಕ್ಕೆ ಬಿಡಿಸೋ ಪ್ರಯತ್ನಗಳು ನಡೆದಿವೆ. ಕೆಮಿಕಲ್ ವಿಭಾಗದವರಿಗೆ ಅಲ್ಲಿ ನಿಜವಾದ ಕೆಲಸ ಇದೆ. ನಾವು ಪ್ರಯತ್ನಿಸಿಲ್ಲ.

ಇನ್ನು ಯೀಸ್ಟು. ಹಣ್ಣಿನ ಗಾಯದಲ್ಲಿ ಬೂಷ್ಟಿಗಿಂತ ಮೊದಲು ಹೋಗಿ ಕೂತು ಅಲ್ಲಿನ ಸಕ್ಕರೆ ಮುಗಿಸಿಬಿಡೋ ಯೀಸ್ಟುಗಳಿವೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಕ್ಯಾಂಡಿಡ ಒಲಿಯೋಫಿಲ ಅನ್ನೋ ಯೀಸ್ಟಿನ ಆಸ್ಪೈರ್ ಎಂಬ ಉತ್ಪನ್ನ 1995ರಲ್ಲಿ ಅಮೆರಿಕದಲ್ಲಿ ನೋಂದಣಿಯಾಗಿತ್ತು. ಪ್ಯಾಕ್‌ಹೌಸಿನಿಂದ ಪ್ಯಾಕ್‌ಹೌಸಿಗೆ ಫಲಿತಾಂಶ ಏರುಪೇರಾಗಿ ಕೆಲವು ವರ್ಷಗಳಲ್ಲಿ ಮಾರುಕಟ್ಟೆಯಿಂದ ಹೋಯಿತು. ಕಾರಣ ನಮಗೆ ಅಚ್ಚರಿಯಲ್ಲ. ಗಾಯದಲ್ಲಿ ಹೊಸದಾಗಿ ಬರೋ ಪೆನಿಸಿಲಿಯಮ್‌ಗೆ ಸೀಟು ಹಿಡಿಯೋ ತಂತ್ರ ಸರಿ. ತಿಂಗಳ ಹಿಂದೆಯೇ ಸೀಟಿನಲ್ಲಿ ಕೂತು ನಿದ್ದೆ ಮಾಡ್ತಿರೋನನ್ನು ಎಬ್ಬಿಸೋಕೆ ಟವೆಲ್ಲಿನಿಂದ ಆಗೋದಿಲ್ಲ.

ಈ ವರ್ಷ

ಫ್ರಿಜ್ಜಿನಲ್ಲಿಟ್ಟರೆ ಆಗದೇ ಅಂತ ಬಹಳ ಜನ ಕೇಳ್ತಾರೆ. ಮಾವು ಉಷ್ಣವಲಯದ ಹಣ್ಣು. ಬಲಿತ ಕಾಯಿಯನ್ನು ಸುಮಾರು 13 ಡಿಗ್ರಿಗಿಂತ ಕೆಳಗೆ ಬಹುದಿನ ಇಟ್ಟರೆ ಚಳಿಗೇ ಸಿಪ್ಪೆ ಬೂದಾಗಿ, ಆಮೇಲೆ ಸರಿಯಾಗಿ ಹಣ್ಣಾಗೋದೂ ಇಲ್ಲ. ಶೀತ ಬೇಕು, ಆದರೆ ಅಳತೆಯಲ್ಲಿ. ತೋಟದಲ್ಲಿ ಅದೂ ಇಲ್ಲ.

ನಮ್ಮ ಗೆಳತಿಯ ಅಪ್ಪ ಈ ಸಲ ಕಾಲು ಭಾಗ ಬೆಳೆಯನ್ನು ಮಾತ್ರ ಬಿಸಿನೀರಿಗೆ ಹಾಕೋಕೆ ಒಪ್ಪಿದ್ದಾರೆ. ಉಳಿದ ಮುಕ್ಕಾಲು ಭಾಗಕ್ಕೆ ಡ್ರಮ್ಮಿನ ಪುಡಿಯೇ. ಅದನ್ನು ನಾವು ತಪ್ಪು ಅನ್ನೋ ಹಾಗಿಲ್ಲ. ಅರ್ಧ ಲೋಡು ಕಳೆದುಕೊಂಡದ್ದು ಅವರು, ನಾವಲ್ಲ. ನೂರು ಕಿಲೋ ಕಾಯಿ ಅದ್ದೋಕೆ ಐದು ಸಲ, ಪ್ರತಿ ಸಲಕ್ಕೆ ಹತ್ತು ನಿಮಿಷ, ಮಧ್ಯೆ ನೀರು ಕಾಯಿಸೋ ಹೊತ್ತು. ಒಂದು ಟನ್ ಕಾಯಿಗೆ ಒಂದು ಡ್ರಮ್ಮು ಸಾಲೋದಿಲ್ಲ ಅಂತ ಅವರೇ ಬೆರಳಲ್ಲಿ ಎಣಿಸಿ ತೋರಿಸಿದ್ರು. ಅಮ್ಮನಿಗೆ ಮೊಣಕೈವರೆಗಿನ ರಬ್ಬರ್ ಗ್ಲೌಸ್ ಕೊಟ್ಟು ಬಂದಿದ್ದೇವೆ. ಸೆಕೆ ಆಗುತ್ತೆ ಅಂತ ಗೊಣಗಿದರೂ ಹಾಕಿಕೊಳ್ತಿದ್ದಾರೆ ಅಂತ ಫೋನಿನಲ್ಲಿ ತಿಳಿಯಿತು.

ನಮಗೀಗ ಬೇಕಾಗಿರೋದು ಮೂರು ಡ್ರಮ್ಮುಗಳ ನಡುವೆ ಬಿಸಿನೀರು ಸುತ್ತಿಸೋ ಒಂದು ಸಣ್ಣ ಪಂಪು, 60 ಡಿಗ್ರಿ ತಡೆಯೋ ಸೀಲ್ ಇರೋದು, ಕರೆಂಟ್ ಇಲ್ಲದಾಗ ಬ್ಯಾಟರಿಯಲ್ಲಿ ನಡೆಯೋದು. ಹಳೇ ಪ್ರಾಜೆಕ್ಟಿನದ್ದು ಯಾರ ಹತ್ತಿರವಾದರೂ ಬಿದ್ದಿದ್ದರೆ ಕನ್ನಡ ಸಂಘದ ಕೋಣೆಗೆ ತಂದುಕೊಡಿ. ಬಾದಾಮಿ ಕೊಯ್ಲು ಮೇ ಎರಡನೇ ವಾರಕ್ಕೆ ಶುರು.